ಮೂಳೆ ಹೋಯಿತು, ನೀರು ಉಳಿಯಿತು: ಹೋಲಿವೆಲ್ ಬಾವಿಯ ಪ್ರಕರಣ ಅಧ್ಯಯನ

ಬ್ರಿಟನ್ನಿನ ವೇಲ್ಸ್ ನಾಡಿನ ಉತ್ತರ ಅಂಚಿನಲ್ಲಿ ಹೋಲಿವೆಲ್ ಎಂಬ ಸಣ್ಣ ಊರಿದೆ. ಡೀ ನದಿ ಸಮುದ್ರ ಸೇರುವ ಅಳಿವೆಯಿಂದ ಸ್ವಲ್ಪ ಮೇಲೆ, ಇಳಿಜಾರಿನಲ್ಲಿ ಕೂತ ಊರು. ಅದು ಬೆಳೆದದ್ದೇ ಒಂದು ಬಾವಿಯ ಸುತ್ತ. ಹಗ್ಗ ಬಿಟ್ಟು ಸೇದುವಂಥ ಬಾವಿ ಅಲ್ಲ ಇದು. ನೆಲದಿಂದ ತಾನಾಗಿ ಉಕ್ಕುವ ಬುಗ್ಗೆ. ಬುಗ್ಗೆಗೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಕಮಾನು, ಕಮಾನಿನ ಮೇಲೆ ಒಂದು ಪ್ರಾರ್ಥನಾ ಮಂದಿರ. ಸಂತ ವಿನಿಫ್ರೆಡ್ ಬಾವಿ ಎಂದು ಅದರ ಹೆಸರು. ವೇಲ್ಸ್ ಜನ ಆಕೆಯನ್ನು ಗ್ವೆನ್‌ವ್ರೆವಿ ಎನ್ನುತ್ತಾರೆ. ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ವಿನಿಫ್ರೆಡ್ ಎಂಬ ಹೆಸರಿನ ಅಜ್ಜಿಯರು, ಚಿಕ್ಕಮ್ಮಂದಿರು ಇರುತ್ತಾರಲ್ಲ, ಆ ಹೆಸರಿನ ಹಿಂದಿರುವ ಸಂತಳು ಇವಳೇ.

ಮಧ್ಯಯುಗದ ಬ್ರಿಟನ್ನಿನಲ್ಲಿ ಪವಿತ್ರ ಬಾವಿಗಳಿಗೆ ಬರವಿರಲಿಲ್ಲ. ಕಣ್ಣುನೋವಿಗೆ ಒಂದು, ನರೂಲಿಗೆ ಒಂದು, ಚಳಿಜ್ವರಕ್ಕೆ ಇನ್ನೊಂದು. ಹೆಚ್ಚಿನವು ಈಗ ಹೊಲದ ಮೂಲೆಯ ಕೆಸರುಗುಂಡಿಗಳು. ಕೆಲವಕ್ಕೆ ಹೆಸರು ಮಾತ್ರ ಉಳಿದಿದೆ. ಹೋಲಿವೆಲ್ ಹಾಗಾಗಲಿಲ್ಲ. ಸುಮಾರು 900 ವರ್ಷಗಳ ಬರಹದ ದಾಖಲೆ ಇದಕ್ಕಿದೆ, ಮತ್ತು ಜನ ಇಂದಿಗೂ ಆ ನೀರಿಗೆ ಇಳಿಯುತ್ತಾರೆ. ಈ ನಡುವೆ ಸಂತಳ ಮೂಳೆ ನಾಶವಾಯಿತು. ನೋಡಿಕೊಳ್ಳುತ್ತಿದ್ದ ಮಠ ಮುಚ್ಚಿತು. ಯಾತ್ರೆಯೇ ಅಪರಾಧವಾಯಿತು. ಕೊನೆಗೆ ಒಂದು ದಿನ ನೀರೂ ನಿಂತಿತು. ಇಷ್ಟಾದರೂ ಭಕ್ತಿ ಉಳಿದದ್ದು ಯಾವುದನ್ನು ಹಿಡಿದುಕೊಂಡು? ಈ ಬರಹ ಹುಡುಕುವುದು ಅದನ್ನೇ.

ಕಥೆ ಏನು ಹೇಳುತ್ತದೆ

ಕಥೆ ನಡೆಯುವುದು 7ನೇ ಶತಮಾನದಲ್ಲಿ. ವಿನಿಫ್ರೆಡ್ ಒಳ್ಳೆಯ ಮನೆತನದ ಹುಡುಗಿ. ಅವಳ ಬಂಧು ಬೈನೊ ಎಂಬ ಸಂತ ಅದೇ ಕಣಿವೆಯಲ್ಲಿ ಚರ್ಚು ಕಟ್ಟಿಕೊಂಡು ಇದ್ದ. ಅವಳಿಗೆ ಮದುವೆ ಬೇಡ, ದೇವರ ಸೇವೆ ಸಾಕು ಎಂಬ ಮನಸ್ಸು. ಒಂದು ಭಾನುವಾರ ಅಪ್ಪ ಅಮ್ಮ ಚರ್ಚಿಗೆ ಹೋಗಿದ್ದಾಗ ಕರಾಡೊಗ್ ಎಂಬ ರಾಜಕುಮಾರ ಬಾಯಾರಿಕೆ ನೆಪ ಹೇಳಿಕೊಂಡು ಮನೆಗೆ ಬಂದ. ಮೈಮೇಲೆ ಬೀಳಲು ನೋಡಿದ. ಅವಳು ತಪ್ಪಿಸಿಕೊಂಡು ಚರ್ಚಿನ ಕಡೆ ಇಳಿಜಾರಿನಲ್ಲಿ ಓಡಿದಳು. ಅವನು ಬೆನ್ನಟ್ಟಿ ಕತ್ತಿಯಿಂದ ತಲೆ ಕಡಿದ. ತಲೆ ಉರುಳಿ ಬಿದ್ದ ಕಡೆ ನೀರು ಚಿಮ್ಮಿತು. ಬೈನೊ ಹೊರಬಂದು ತಲೆಯನ್ನು ಎತ್ತಿ ಮುಂಡಕ್ಕೆ ಕೂಡಿಸಿ ಪ್ರಾರ್ಥಿಸಿದ. ಹುಡುಗಿ ಎದ್ದು ಕೂತಳು. ಕತ್ತಿನ ಸುತ್ತ ಬಿಳಿ ಗೆರೆಯಂಥ ಗಾಯದ ಗುರುತು ಮಾತ್ರ ಉಳಿಯಿತು. ಕರಾಡೊಗ್‌ನನ್ನು ನೆಲ ನುಂಗಿತು.

ಬೈನೊ ಅಲ್ಲಿಂದ ಹೊರಡುವಾಗ ಬುಗ್ಗೆಯ ಹತ್ತಿರದ ಒಂದು ಕಲ್ಲಿನ ಮೇಲೆ ಕೂತು ಮಾತು ಕೊಟ್ಟನಂತೆ: ಇಲ್ಲಿ ವಿನಿಫ್ರೆಡ್ ಹೆಸರಿನಲ್ಲಿ ಮೂರು ಸಲ ಬೇಡಿದವರಿಗೆ, ಅದು ಅವರ ಆತ್ಮಕ್ಕೆ ಒಳ್ಳೆಯದಾದರೆ, ಬೇಡಿದ್ದು ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಅವಳು ವರ್ಷಕ್ಕೊಂದು ಮೇಲಂಗಿ ಅವನಿಗೆ ಕಳಿಸಬೇಕು. ಅವಳು ಅದನ್ನು ಹೊಳೆಯ ಮೇಲೆ ತೇಲಿಬಿಡುತ್ತಿದ್ದಳು. ನೀರು ಅದನ್ನು ಒದ್ದೆಯಾಗದಂತೆ ಅವನಿಗೆ ಮುಟ್ಟಿಸುತ್ತಿತ್ತು. ಮುಂದೆ ವಿನಿಫ್ರೆಡ್ ಪಶ್ಚಿಮದ ಗುಡ್ಡಗಾಡಿನ ಗ್ವಿಥೆರಿನ್ ಎಂಬ ಊರಿಗೆ ಹೋಗಿ ಕನ್ಯಾಮಠದ ಮುಖ್ಯಸ್ಥೆಯಾದಳು. ಅಲ್ಲೇ ತೀರಿಕೊಂಡಳು. ಅವಳನ್ನು ಹೂಳಿದ್ದೂ ಅಲ್ಲೇ.

ಈ ಕಥೆಯಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಸಂತಳ ಜೀವನ ಎರಡು ಜಾಗಗಳಲ್ಲಿ ಹಂಚಿಹೋಗಿದೆ. ನೀರು ಹೋಲಿವೆಲ್‌ನಲ್ಲಿ, ಸಮಾಧಿ ಗ್ವಿಥೆರಿನ್‌ನಲ್ಲಿ. ಎರಡನೆಯದು, ಬೈನೊ ಕೊಟ್ಟ ಮಾತಿನಲ್ಲಿ ಪಾದ್ರಿಗೆ ಜಾಗವಿಲ್ಲ. ಬರಬೇಕು, ಮೂರು ಸಲ ಬೇಡಬೇಕು, ಅಷ್ಟೇ. ಇದನ್ನು ಬಡ ಹೆಂಗಸೊಬ್ಬಳು ಯಾರನ್ನೂ ಕೇಳದೆ ಮಾಡಬಹುದು. ಮುಂದಿನ ಸಾವಿರ ವರ್ಷದಲ್ಲಿ ಈ ಬಾವಿಯನ್ನು ಕಾಪಾಡಿದ್ದು ಈ ಎರಡನೇ ಸಂಗತಿ ಎಂದು ನನಗೆ ಅನಿಸುತ್ತದೆ.

ಮೂಳೆ ಒಂದು ಕಡೆ, ನೀರು ಇನ್ನೊಂದು ಕಡೆ

ಚರ್ಚಿನ ಹಿರಿಯರಿಗೆ ಬಾವಿಗಳ ಮೇಲೆ ಯಾವಾಗಲೂ ಒಂದು ಅನುಮಾನ ಇತ್ತು. 11ನೇ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡ್ ಆಳಿದ ಕನೂಟ್ ರಾಜನ ಕಾನೂನು ಮರ, ಕಲ್ಲು, ಬಾವಿಗಳ ಪೂಜೆಯನ್ನು ಅನ್ಯಧರ್ಮದ ಆಚರಣೆ ಎಂದು ನಿಷೇಧಿಸಿತ್ತು. 1102ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಆರ್ಚ್‌ಬಿಷಪ್ ಆನ್ಸೆಲ್ಮ್ ಸೇರಿಸಿದ ಸಭೆ ಇನ್ನೊಂದು ಕಟ್ಟಳೆ ಮಾಡಿತು. ಬಿಷಪ್ ಒಪ್ಪಿಗೆ ಇಲ್ಲದೆ ಯಾರೂ ಸತ್ತವರ ದೇಹಕ್ಕಾಗಲಿ, ಬುಗ್ಗೆಗಾಗಲಿ ಪೂಜ್ಯತೆ ಕೊಡಬಾರದು ಎಂದು. ಇಂಥ ಕಟ್ಟಳೆಗಳು ಹುಟ್ಟುವುದು ಜನ ಆ ಕೆಲಸ ಮಾಡುತ್ತಿದ್ದಾಗಲೇ ಅಲ್ವಾ? ಜನ ಮೊದಲು ಹೋಗುತ್ತಿದ್ದರು. ಒಪ್ಪಿಗೆ ಆಮೇಲೆ ಬರುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ.

ಹೋಲಿವೆಲ್ ದಾಖಲೆಗೆ ಬರುವುದು ಈ ಕಾಲದಲ್ಲೇ. 1093ರಲ್ಲಿ ಇಂಗ್ಲೆಂಡಿನ ಗಡಿ ಪಟ್ಟಣ ಚೆಸ್ಟರ್‌ನ ಕೌಂಟೆಸ್ ಅಡೆಲೈಜಾ ಅಲ್ಲಿನ ಚರ್ಚನ್ನು ಚೆಸ್ಟರ್‌ನ ಸಂತ ವೆರ್ಬರ್ಗ್ ಮಠಕ್ಕೆ ದಾನ ಕೊಟ್ಟಳು. ಗಡಿಯ ಜಾಗ ಅದು. ಇಂಗ್ಲೆಂಡನ್ನು ಗೆದ್ದಿದ್ದ ನಾರ್ಮನ್ನರ ಕೈ ಮೇಲಾದಾಗ ಚೆಸ್ಟರ್‌ಗೆ, ವೇಲ್ಸ್ ರಾಜರ ಕೈ ಮೇಲಾದಾಗ ಇತ್ತ ಕಡೆಗೆ ಎಂದು ಒಡೆತನ ಬದಲಾಗುತ್ತಿತ್ತು. 1240ರಲ್ಲಿ ರಾಜ ಡಾವಿಡ್ ಆಪ್ ಲೆವೆಲಿನ್ ಅದನ್ನು ಕೂಗಳತೆಯಲ್ಲಿದ್ದ ಬೇಸಿಂಗ್‌ವರ್ಕ್ ಮಠಕ್ಕೆ ಕೊಟ್ಟ. ಸಿಸ್ಟರ್ಶಿಯನ್ ಪಂಗಡದ ಈ ಸನ್ಯಾಸಿಗಳೇ ಮುಂದಿನ 300 ವರ್ಷ ಬಾವಿಯನ್ನು ನೋಡಿಕೊಂಡರು.

ಇದಕ್ಕೂ ಮೊದಲು, 1138ರಲ್ಲಿ, ದೊಡ್ಡ ಬದಲಾವಣೆ ಆಗಿತ್ತು. ಇಂಗ್ಲೆಂಡಿನ ಗಡಿಯಲ್ಲಿರುವ ಶ್ರೂಸ್‌ಬರಿಯಲ್ಲಿ 1083ರಲ್ಲಿ ಸ್ಥಾಪನೆಯಾದ ಒಂದು ಮಠ ಇತ್ತು. ಮಠ ದೊಡ್ಡದು, ಆದರೆ ಸಂತರ ಮೂಳೆ ಇಲ್ಲ. ಆ ಕಾಲದಲ್ಲಿ ಮೂಳೆ ಇಲ್ಲದ ಮಠಕ್ಕೆ ಯಾತ್ರಿಕರು ಬರುತ್ತಿರಲಿಲ್ಲ. ಅಲ್ಲಿನ ಸನ್ಯಾಸಿಯೊಬ್ಬ ಕಾಯಿಲೆ ಬಿದ್ದಾಗ ವಿನಿಫ್ರೆಡ್ ಬಾವಿಯ ಬಳಿ ಬಲಿಪೂಜೆ (ಪಾದ್ರಿ ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಪೂಜೆ) ಮಾಡಿಸಿ ಎಂದು ಕನಸಿನಲ್ಲಿ ಸೂಚನೆ ಬಂತು, ಮಾಡಿಸಿದ ಮೇಲೆ ಅವನು ಗುಣವಾದ ಎಂದು ಮಠದವರು ಬರೆದಿಟ್ಟರು. ಆಮೇಲೆ ರಾಬರ್ಟ್ ಎಂಬ ಪ್ರಯರ್, ಅಂದರೆ ಮಠದ ಎರಡನೇ ಮುಖ್ಯಸ್ಥ, ತಂಡ ಕಟ್ಟಿಕೊಂಡು ಗ್ವಿಥೆರಿನ್‌ಗೆ ಹೋದ. ಊರವರು ಮೊದಲು ಒಪ್ಪಲಿಲ್ಲ. ಕೊನೆಗೆ ಸಮಾಧಿ ಅಗೆದು ಮೂಳೆಗಳನ್ನು ಶ್ರೂಸ್‌ಬರಿಗೆ ತಂದರು. ರಾಬರ್ಟ್ ಸಂತಳ ಜೀವನಚರಿತ್ರೆಯನ್ನೂ ಲ್ಯಾಟಿನ್ನಿನಲ್ಲಿ ಬರೆದ. ಅದೇ ಶತಮಾನದಲ್ಲಿ ಇನ್ನೊಂದು ಲ್ಯಾಟಿನ್ ಚರಿತ್ರೆಯೂ ಇತ್ತು. ರಾಬರ್ಟನದು ಮೂಳೆಯ ಕಥೆ: ಗ್ವಿಥೆರಿನ್, ಸಮಾಧಿ, ಶ್ರೂಸ್‌ಬರಿಗೆ ಪ್ರಯಾಣ. ಇನ್ನೊಂದು ನೀರಿನ ಕಥೆ: ಬಾವಿಯ ಬಳಿ ಯಾರಿಗೆ ಏನು ವಾಸಿಯಾಯಿತು ಎಂಬುದು. ಒಬ್ಬಳೇ ಸಂತಳಿಗೆ ಎರಡು ಕೇಂದ್ರ, ಎರಡು ಪುಸ್ತಕ.

ಯಾವುದೇ ಲೆಕ್ಕದಲ್ಲಿ ಶ್ರೂಸ್‌ಬರಿ ಗೆಲ್ಲಬೇಕಿತ್ತು. ದೊಡ್ಡ ಪಟ್ಟಣ, ಶ್ರೀಮಂತ ಮಠ, ಸಂತಳ ದೇಹವೇ ಕೈಯಲ್ಲಿ. ಆದರೆ ಮೂಳೆಯನ್ನು ಪೆಟ್ಟಿಗೆಯಲ್ಲಿ ಹೊತ್ತು ತರಬಹುದು. ಬುಗ್ಗೆಯನ್ನು ತರಲು ಆಗುವುದಿಲ್ಲ. ಶ್ರೂಸ್‌ಬರಿಯ ಪೆಟ್ಟಿಗೆಗೆ ಕೈಮುಗಿದ ಯಾತ್ರಿಕರು ಅಲ್ಲಿಗೆ ನಿಲ್ಲದೆ ಬಾವಿಗೂ ಹೋಗುತ್ತಿದ್ದರು.

ರಾಜರು ಬಂದ ಕಾಲ

15ನೇ ಶತಮಾನ ಬಾವಿಯ ಸುಖದ ಕಾಲ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ರಾಜರು ಬಂದದ್ದರಿಂದ ಬಾವಿ ಉಳಿಯಲಿಲ್ಲ. 1398ರಲ್ಲಿ ಆಕೆಯ ಹಬ್ಬವನ್ನು ಕ್ಯಾಂಟರ್ಬರಿ ಆರ್ಚ್‌ಬಿಷಪ್ ಇಡೀ ಪ್ರಾಂತ್ಯಕ್ಕೆ ಜಾರಿ ಮಾಡಿದ. 1416ರಲ್ಲಿ ಇಂಗ್ಲೆಂಡಿನ ರಾಜ 5ನೇ ಹೆನ್ರಿ ಶ್ರೂಸ್‌ಬರಿಯಿಂದ ಹೋಲಿವೆಲ್‌ಗೆ ಕಾಲ್ನಡಿಗೆಯಲ್ಲಿ ಯಾತ್ರೆ ಮಾಡಿದ ಎಂದು ಆ ಕಾಲದ ಚರಿತ್ರೆಕಾರ ಆ್ಯಡಮ್ ಆಫ್ ಅಸ್ಕ್ ಬರೆದಿದ್ದಾನೆ. 70-80 ಕಿಲೋಮೀಟರ್ ದಾರಿ. 3ನೇ ರಿಚರ್ಡ್ ಅಲ್ಲಿನ ಪಾದ್ರಿಗೆ ವರ್ಷಕ್ಕೆ 10 ಮಾರ್ಕ್ ಸಂಬಳ ಕಟ್ಟಿಸಿದ. ವೇಲ್ಸ್‌ನ ದೊಡ್ಡ ಕವಿ ಟಿಡಿರ್ ಆಲೆಡ್ ಆಕೆಯ ಮೇಲೆ ಪದ್ಯ ಕಟ್ಟಿದ.

ಈಗ ನಿಂತಿರುವ ಕಲ್ಲಿನ ಕಟ್ಟಡ 1500ರ ಸುಮಾರಿನದು. 7ನೇ ಹೆನ್ರಿಯ ತಾಯಿ ಲೇಡಿ ಮಾರ್ಗರೆಟ್ ಬೋಫರ್ಟ್ ಕಟ್ಟಿಸಿದಳು ಎಂಬುದು ಹಿಂದಿನಿಂದ ಬಂದ ಮಾತು. ಕೆಳಗಿನ ಅಂತಸ್ತಿನಲ್ಲಿ ನೀರು, ಮೇಲಿನ ಅಂತಸ್ತಿನಲ್ಲಿ ಪ್ರಾರ್ಥನಾ ಮಂದಿರ. ಬುಗ್ಗೆಯ ತೊಟ್ಟಿ ನಕ್ಷತ್ರದ ಆಕಾರದ್ದು. ಅದರ ನೇರ ಮೇಲೆ ಚಾವಣಿಯಿಂದ ಇಳಿಬಿದ್ದ ಕಲ್ಲಿನ ಬುಗುಟಿನಲ್ಲಿ ವಿನಿಫ್ರೆಡ್ ಕಥೆಯ ದೃಶ್ಯಗಳನ್ನು ಕೆತ್ತಿದ್ದಾರೆ. ನೀರಿನಲ್ಲಿ ನಿಂತು ಕತ್ತೆತ್ತಿದರೆ ಕಥೆ ತಲೆಯ ಮೇಲೇ ಇದೆ. ತೊಟ್ಟಿಯಿಂದ ಉಕ್ಕಿದ ನೀರು ಒಳಗಿನ ಸಣ್ಣ ಸ್ನಾನದ ಕೊಳಕ್ಕೆ, ಅಲ್ಲಿಂದ ಹೊರಗಿನ ದೊಡ್ಡ ಕೊಳಕ್ಕೆ ಹರಿಯುತ್ತದೆ. ಹೊರಗಿನ ಕೊಳದಲ್ಲಿ ಬೈನೊ ಕಲ್ಲು ಎಂದು ಕರೆಯುವ ಬಂಡೆ ಇದೆ.

ಆಚರಣೆ ಹೀಗೆ: ಒಳಗಿನ ಕೊಳಕ್ಕೆ ಮೆಟ್ಟಿಲಿಳಿದು, ನೀರಿನಲ್ಲಿ ನಡೆದು, ಆಚೆ ಬದಿಯ ಮೆಟ್ಟಿಲು ಹತ್ತುವುದು. ಹೀಗೆ ಮೂರು ಸಲ, ಜಪಸರ ಹೇಳುತ್ತಾ. ಆಮೇಲೆ ಹೊರಗಿನ ಕೊಳಕ್ಕೆ ಇಳಿದು ಬೈನೊ ಕಲ್ಲಿನ ಮೇಲೆ ಮಂಡಿಯೂರಿ ಪ್ರಾರ್ಥನೆ ಮುಗಿಸುವುದು. ಎಲ್ಲರಿಗೂ ಇದೇ ಕ್ರಮ. ಬಂದವರು ಹಿಂದಿನವರನ್ನು ನೋಡಿ ಕಲಿಯುತ್ತಾರೆ. ಪುಸ್ತಕ ಬೇಡ, ಓದು ಬರಹ ಬೇಡ.

ನಿಷೇಧದ 150 ವರ್ಷ

ಪ್ರಕರಣದ ತಿರುಳು ಇಲ್ಲಿದೆ. 8ನೇ ಹೆನ್ರಿ ರೋಮಿನ ಪೋಪ್ ಜೊತೆ ಸಂಬಂಧ ಕಡಿದುಕೊಂಡ ಮೇಲೆ ಮಠಗಳು ಒಂದೊಂದಾಗಿ ಮುಚ್ಚಿದವು. ಬೇಸಿಂಗ್‌ವರ್ಕ್ 1536ರಲ್ಲಿ ಹೋಯಿತು. ಶ್ರೂಸ್‌ಬರಿ ಮಠ 1540ರಲ್ಲಿ ಮುಚ್ಚಿತು, ವಿನಿಫ್ರೆಡ್ ಮೂಳೆಗಳ ಪೆಟ್ಟಿಗೆಯನ್ನು ಒಡೆದರು. ಅಲ್ಲಿಗೆ ಯಾತ್ರೆ ನಿಂತೇಹೋಯಿತು. ನಾಲ್ಕು ಶತಮಾನ ಕಾಪಾಡಿದ ಮೂಳೆಗಳು ಒಂದು ಆಜ್ಞೆಗೆ ಇಲ್ಲವಾದವು.

ಬಾವಿಗೆ ಹಾಗೆ ಮಾಡುವುದು ಕಷ್ಟ. ಮೂರ್ತಿ ಒಡೆಯಬಹುದು, ಕಾಣಿಕೆ ಡಬ್ಬಿ ಕಿತ್ತುಕೊಳ್ಳಬಹುದು. ನೆಲದಿಂದ ಭರ್ರನೆ ಉಕ್ಕುವ ನೀರನ್ನು ಏನು ಮಾಡುತ್ತೀರಿ? 1579ರಲ್ಲಿ 1ನೇ ಎಲಿಜಬೆತ್ ಸರ್ಕಾರ ವೇಲ್ಸ್ ಗಡಿಯ ಆಡಳಿತ ಮಂಡಳಿಗೆ ಒಂದು ಆದೇಶ ಕಳಿಸಿತು. ಹೋಲಿವೆಲ್ ಯಾತ್ರೆಯನ್ನು ಅಡಗಿಸಿ. ನೀರಿಗೆ ಔಷಧಿ ಗುಣ ಇದೆ ಎನ್ನುತ್ತಾರೆ, ತಿಳಿದವರಿಂದ ಪರೀಕ್ಷೆ ಮಾಡಿಸಿ. ಗುಣ ಇಲ್ಲದಿದ್ದರೆ ಬಾವಿಯನ್ನೇ ಕೆಡವಿ.

ಈ ಆದೇಶದಲ್ಲೇ ಒಂದು ಸಂದು ಇತ್ತು. ನೀರು ಔಷಧಿಯಾದರೆ ತಪ್ಪಿಲ್ಲ, ದೇವರದ್ದಾದರೆ ತಪ್ಪು. ಪೋಪನನ್ನು ಬಿಟ್ಟ ಹೊಸ ಪಂಥದ ಪ್ರಾಟೆಸ್ಟಂಟರೂ ಮೈಕೈ ನೋವಿಗೆ ತಣ್ಣೀರು ಸ್ನಾನಕ್ಕೆ ಬರುತ್ತಿದ್ದರು. ನೀರಿನಲ್ಲಿ ನಿಂತವಳು ಸುಮ್ನೆ ಸ್ನಾನ ಮಾಡುತ್ತಿದ್ದಾಳೋ, ತುಟಿಯೊಳಗೆ ಜಪಸರ ಹೇಳುತ್ತಿದ್ದಾಳೋ, ಕಾವಲುಗಾರ ಹೇಗೆ ತಿಳಿಯಬೇಕು? ಮೂರು ಸಲ ನೀರಿಗೆ ಇಳಿದು ಹತ್ತುವುದು ಕಾನೂನಿನ ಕಣ್ಣಿಗೆ ಚಿಕಿತ್ಸೆ. ಅದೇ ಕ್ರಿಯೆ ಮಾಡುವವರ ಮನಸ್ಸಿನಲ್ಲಿ ಹರಕೆ. ಬಲಿಪೂಜೆಯನ್ನು ಹೀಗೆ ಮರೆಮಾಚಲು ಆಗುತ್ತಿರಲಿಲ್ಲ. ಅದಕ್ಕೆ ಪಾದ್ರಿ ಬೇಕು, ಪೀಠ ಬೇಕು, ಬಟ್ಟಲು ಬೇಕು. ಸಿಕ್ಕಿಬಿದ್ದರೆ ಪಾದ್ರಿಗೆ ಗಲ್ಲು.

ಆದರೂ ಪಾದ್ರಿಗಳು ಬಂದರು. ಜಾನ್ ಜೆರಾರ್ಡ್ ಎಂಬ ಜೆಸ್ವಿಟ್ (ಕ್ಯಾಥೊಲಿಕ್ ಸನ್ಯಾಸಿಗಳ ಒಂದು ಸಂಘ) ಪಾದ್ರಿ ತನ್ನ ಆತ್ಮಕಥೆಯಲ್ಲಿ ಈ ಬಾವಿಯ ಬಗ್ಗೆ ಬರೆದಿದ್ದಾನೆ. ನವೆಂಬರ್ 3, ಸಂತಳ ಹಬ್ಬದ ದಿನ. ಹಿಮ ಬೀಳುವ ಚಳಿ. ಅವನು ಕಾಲು ಗಂಟೆಯಷ್ಟು ಹೊತ್ತು ನೀರಿನಲ್ಲೇ ಇದ್ದ. ನೆಗಡಿ ಕೂಡ ಆಗಲಿಲ್ಲ ಎನ್ನುತ್ತಾನೆ. ಊರಿನ ಎರಡು ವಸತಿಗೃಹಗಳು ಪಾದ್ರಿಗಳ ನೆಲೆಗಳಾದವು. ಸ್ಟಾರ್ ಎಂಬುದು ಜೆಸ್ವಿಟರದು, ಕ್ರಾಸ್ ಕೀಸ್ ಎಂಬುದು ಇತರ ಪಾದ್ರಿಗಳದು. ಕೆಳಗೆ ಊಟ ವಸತಿ, ಒಳಗೆ ಗುಟ್ಟಾಗಿ ಬಲಿಪೂಜೆ. 1720ರ ದಶಕದಲ್ಲಿ ಪ್ರವಾಸ ಕಥನ ಬರೆದ ಡೇನಿಯಲ್ ಡಿಫೋ, ಈ ಊರಿನ ಮನೆಗಳೆಲ್ಲ ಹೆಚ್ಚುಕಡಿಮೆ ವಸತಿಗೃಹಗಳೇ, ಇಲ್ಲಿ ಪಾದ್ರಿಗಳು ವೈದ್ಯರ ವೇಷದಲ್ಲಿ ಓಡಾಡುತ್ತಾರೆ ಎಂದಿದ್ದಾನೆ. ಔಷಧಿಯ ನೆಪ ಎಷ್ಟು ದೂರ ಹೋಗಿತ್ತು ನೋಡಿ.

1605ರ ಬೇಸಿಗೆಯ ಕೊನೆಯಲ್ಲಿ ಜೆಸ್ವಿಟರ ಮುಖ್ಯಸ್ಥ ಹೆನ್ರಿ ಗಾರ್ನೆಟ್ ದೊಡ್ಡ ಗುಂಪಿನೊಡನೆ ಇಲ್ಲಿಗೆ ಬಂದ. ಗುಂಪಿನಲ್ಲಿದ್ದ ಮನೆತನಸ್ಥ ಹೆಂಗಸರು ಕೊನೆಯ ಹಂತವನ್ನು ಬರಿಗಾಲಲ್ಲಿ ನಡೆದರು. ಕೆಲವೇ ವಾರಗಳಲ್ಲಿ, ನವೆಂಬರ್‌ನಲ್ಲಿ, ಪಾರ್ಲಿಮೆಂಟನ್ನು ಮದ್ದಿಟ್ಟು ಹಾರಿಸುವ ಸಂಚು ಬಯಲಾಯಿತು. ಯಾತ್ರೆಗೆ ಹೋದವರಲ್ಲಿ ಸಂಚುಗಾರರ ಮನೆಯವರೂ ಇದ್ದರು. ಯಾತ್ರೆಯೇ ಸಂಚಿನ ಸಭೆ ಎಂದು ಸರ್ಕಾರಕ್ಕೆ ಅನುಮಾನ. ಗಾರ್ನೆಟ್‌ನನ್ನು 1606ರ ಮೇ ತಿಂಗಳಲ್ಲಿ ಕೊಂದರು.

ಇಷ್ಟೆಲ್ಲ ಆದ ಮೇಲೆ ಯಾತ್ರೆ ಸೊರಗಿತು ಎಂದುಕೊಳ್ಳಬೇಕಲ್ಲ? ಆಗಲಿಲ್ಲ. 1629ರ ನವೆಂಬರ್ 3ರಂದು ಬಾವಿಯ ಬಳಿ ಸುಮಾರು 1,500 ಜನ, 150 ಪಾದ್ರಿಗಳು ಸೇರಿದ್ದರು ಎಂದು ಸರ್ಕಾರದ ಗೂಢಚಾರನೇ ವರದಿ ಕಳಿಸಿದ್ದಾನೆ. ಭಕ್ತರು ಕೊಟ್ಟ ಲೆಕ್ಕವಾಗಿದ್ದರೆ ಉತ್ಪ್ರೇಕ್ಷೆ ಎನ್ನಬಹುದಿತ್ತು. ಬೇಹುಗಾರನಿಗೂ ಅಪಾಯವನ್ನು ದೊಡ್ಡದು ಮಾಡಿ ತೋರಿಸುವ ಆಸೆ ಇರುತ್ತದೆ, ನಿಜ. ಅರ್ಧಕ್ಕೆ ಇಳಿಸಿದರೂ ಅದು ನಿಷೇಧವಾಗಿ ಸುಮಾರು 90 ವರ್ಷದ ಮೇಲೆ ಸೇರಿದ ದೊಡ್ಡ ಜಾತ್ರೆಯೇ. 1637ರಲ್ಲಿ ಅಧಿಕಾರಿಗಳು ಸಂತಳ ಮೂರ್ತಿಯನ್ನು ವಿರೂಪಗೊಳಿಸಿದರು, ಬಾವಿಯ ಸುತ್ತಲಿನ ಕಬ್ಬಿಣದ ಕಂಬಗಳನ್ನು ಕಿತ್ತುಹಾಕಿದರು. ಸ್ನಾನ ಮಾಡುವವರು ಹಿಡಿದುಕೊಳ್ಳುವ ಕಂಬ ಹೋದರೂ ಸ್ನಾನ ನಿಲ್ಲಲಿಲ್ಲ.

1680ರ ದಶಕದಲ್ಲಿ ಕ್ಯಾಥೊಲಿಕ್ ರಾಜ 2ನೇ ಜೇಮ್ಸ್ ಮತ್ತು ರಾಣಿ ಮೇರಿ ಇಲ್ಲಿ ಗಂಡುಮಗುವಿಗೆ ಹರಕೆ ಹೊತ್ತರು. 1688ರ ಜೂನ್‌ನಲ್ಲಿ ಮಗ ಹುಟ್ಟಿದ. ಕ್ಯಾಥೊಲಿಕ್ ವಾರಸುದಾರ ಬಂದ ಎಂಬ ಭಯವೇ ಅದೇ ವರ್ಷ ರಾಜನನ್ನು ಸಿಂಹಾಸನದಿಂದ ಇಳಿಸಿತು. ಹರಕೆ ಫಲಿಸಿದ್ದು ಆ ಮನೆತನಕ್ಕೆ ಬಹಳ ದುಬಾರಿಯಾಯಿತು.

ಕೆಂಪು ಕಲ್ಲು, ಪರಿಮಳದ ಪಾಚಿ

ಬಾವಿಯ ತಳದ ಕಲ್ಲುಗಳ ಮೇಲೆ ಕೆಂಪು ಕಲೆಗಳಿದ್ದವು. ಅದು ವಿನಿಫ್ರೆಡ್ ರಕ್ತ ಎಂದು ಜನ ನಂಬಿದರು. ಗೋಡೆಯ ಮೇಲಿನ ಹಾವಸೆಗೆ ಒಂದು ಸುವಾಸನೆ ಇತ್ತು. ಅದು ಆಕೆಯ ಕೂದಲಿನ ಪರಿಮಳ ಎಂದರು. 1698ರಲ್ಲಿ ಕುದುರೆ ಏರಿ ದೇಶ ಸುತ್ತಿದ ಸೀಲಿಯಾ ಫೈನ್ಸ್ ಎಂಬ ಪ್ರಾಟೆಸ್ಟಂಟ್ ಹೆಂಗಸು ಇವೆರಡನ್ನೂ ನೋಡಿದಳು. ಬಾವಿಯ ಸುತ್ತ ಮಂಡಿಯೂರಿದ್ದ ಬಡಜನರನ್ನು ನೋಡಿ ಪಾಪ, ಮೋಸಹೋಗಿದ್ದಾರೆ ಎಂದು ಬರೆದಳು.

ಕೆಂಪು ಬಣ್ಣ ಟ್ರೆಂಟೆಪೋಲಿಯಾ ಎಂಬ ಪಾಚಿಯದು. ಹಸಿರು ಪಾಚಿಗಳ ಜಾತಿಗೇ ಸೇರಿದ್ದರೂ ಅದರೊಳಗಿನ ಕಿತ್ತಳೆ ಬಣ್ಣದ ಅಂಶದಿಂದ ಕೆಂಪಾಗಿ ಕಾಣುತ್ತದೆ. ಕಲ್ಲಿನ ಮೇಲೆ ಬೆಳೆಯುವ ಒಂದು ಬಗೆಗೆ ವಯೊಲೆಟ್ ಹೂವಿನ ವಾಸನೆ ಇರುತ್ತದೆ. ಹತ್ತಿರದ ಊರಿನವನೇ ಆದ ಪ್ರಕೃತಿ ವಿಜ್ಞಾನಿ ಥಾಮಸ್ ಪೆನಂಟ್ 18ನೇ ಶತಮಾನದಲ್ಲೇ ಇದು ಸಸ್ಯ ಎಂದು ಗುರುತಿಸಿದ್ದ. ವಿವರಣೆ ಸಿಕ್ಕ ಮೇಲೂ ಜನ ಕಲ್ಲುಗಳನ್ನು ಮನೆಗೆ ಒಯ್ಯುವುದನ್ನು ಬಿಡಲಿಲ್ಲ. ಇದನ್ನು ಬರೀ ಮೌಢ್ಯ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎಲ್ಲೋ ದೂರದಿಂದ ನಡೆದು ಬಂದ ಹೆಂಗಸಿಗೆ ಕೈಯಲ್ಲಿ ಹಿಡಿದು ಹೋಗಲು ಒಂದು ಗುರುತು ಬೇಕಿತ್ತು. ಶ್ರೂಸ್‌ಬರಿಯ ಮೂಳೆಯ ಚೂರು ಬಡವರ ಕೈಗೆ ಸಿಗುವಂಥದ್ದಾಗಿರಲಿಲ್ಲ. ಬಾವಿಯ ಕಲ್ಲು ಸಿಗುತ್ತಿತ್ತು.

ಅದೇ ನೀರು, ಗಿರಣಿಗೆ

1774ರ ಆಗಸ್ಟ್‌ನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇಲ್ಲಿಗೆ ಬಂದ. ನಿಘಂಟು ಬರೆದು ಹೆಸರಾದ ಇಂಗ್ಲಿಷ್ ಲೇಖಕ. ನಾವೆಲ್ಲ ನೋಡುತ್ತಿರುವಾಗಲೇ ಒಬ್ಬ ಹೆಂಗಸು ಸ್ನಾನ ಮಾಡಿದಳು, ಜಾಗಕ್ಕೆ ಮರೆಯೇ ಇಲ್ಲ ಎಂದು ದಿನಚರಿಯಲ್ಲಿ ಬೇಸರಪಟ್ಟ. ಇದರ ಜೊತೆಗೇ ಇನ್ನೊಂದು ವಿಷಯ ಗುರುತು ಹಾಕಿಕೊಂಡ: ಈ ಒಂದೇ ಬುಗ್ಗೆಯ ನೀರು ಸಮುದ್ರಕ್ಕೆ ಇಳಿಯುವ ಎರಡು ಮೈಲಿಯೊಳಗೆ 19 ಗಿರಣಿಗಳನ್ನು ತಿರುಗಿಸುತ್ತದೆ.

ಕೆಳಗಿನ ಗ್ರೀನ್‌ಫೀಲ್ಡ್ ಕಣಿವೆ ಆಗ ಕಾರ್ಖಾನೆಗಳ ಸಾಲಾಗಿತ್ತು. 1777ರಲ್ಲಿ ಹತ್ತಿಗಿರಣಿ ಬಂತು. ತಾಮ್ರ, ಹಿತ್ತಾಳೆ ಕಾರ್ಖಾನೆಗಳು ಬಂದವು. ಅಲ್ಲಿ ಮಾಡಿದ ಹಿತ್ತಾಳೆಯ ಬಳೆಗಳು ಪಶ್ಚಿಮ ಆಫ್ರಿಕಾದ ತೀರಕ್ಕೆ ಹೋಗುತ್ತಿದ್ದವು. ಅವನ್ನು ಕೊಟ್ಟು ಮನುಷ್ಯರನ್ನು ಗುಲಾಮರಾಗಿ ಕೊಳ್ಳುತ್ತಿದ್ದರು. ಮೇಲೆ ರೋಗಿಗಳು ಬೇಡಿಕೊಂಡು ಇಳಿದ ನೀರು ಅರ್ಧ ಗಂಟೆಯೊಳಗೆ ಈ ಚಕ್ರಗಳನ್ನು ತಿರುಗಿಸುತ್ತಿತ್ತು. ಬಾವಿಯ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆಯಬಾರದು.

ಇದೇ ಕಾಲದ ಒಂದು ವಾಸಿಯ ಪ್ರಸಂಗ ಚೆನ್ನಾಗಿ ದಾಖಲಾಗಿದೆ. ವುಲ್ವರ್‌ಹ್ಯಾಂಪ್ಟನ್ ಪಟ್ಟಣದ ವಿನಿಫ್ರೆಡ್ ವೈಟ್ ಎಂಬ ಬಡ ಹೆಂಗಸಿಗೆ ಮೈಯ ಒಂದು ಪಕ್ಕ ಬಿದ್ದುಹೋಗಿತ್ತು. ಬೆನ್ನುಮೂಳೆಯ ತೊಂದರೆಯೂ ಇತ್ತು. 1805ರ ಜೂನ್ 28ರಂದು ಅವಳು ಇಲ್ಲಿ ಸ್ನಾನ ಮಾಡಿ ಎದ್ದು ನಡೆದಳು. ಬಿಷಪ್ ಜಾನ್ ಮಿಲ್ನರ್ ಅವಳನ್ನು, ಅವಳನ್ನು ಬಲ್ಲವರನ್ನು, ಪ್ರಾಟೆಸ್ಟಂಟರನ್ನೂ ಬಿಡದೆ ವಿಚಾರಿಸಿ ಹೇಳಿಕೆಗಳನ್ನು ಅದೇ ವರ್ಷ ಅಚ್ಚು ಹಾಕಿಸಿದ. ಅದನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ನನಗೆ ಮುಖ್ಯ ಅನಿಸುವುದು ಅವಳ ಹೆಸರು. ಹುಟ್ಟಿದಾಗಲೇ ಆ ಸಂತಳ ಹೆಸರಿಟ್ಟಿದ್ದಾರೆ. ನಿಷೇಧದ ಶತಮಾನಗಳನ್ನು ಹಾದು ಒಂದು ಬಡ ಮನೆಯವರೆಗೆ ಆ ಹೆಸರು ಬಂದಿದೆ. ಇಡೀ ಪ್ರಕರಣದಲ್ಲಿ ಹೆಂಗಸರೇ ಜಾಸ್ತಿ ಕಾಣುತ್ತಾರೆ: ದಾನ ಕೊಟ್ಟ ಕೌಂಟೆಸ್, ಕಟ್ಟಿಸಿದಳೆನ್ನುವ ರಾಜಮಾತೆ, ಬರಿಗಾಲಲ್ಲಿ ನಡೆದವರು, ಹರಕೆ ಹೊತ್ತ ರಾಣಿ. ಕತ್ತು ಕಡಿಸಿಕೊಂಡೂ ಎದ್ದು ನಿಂತು, ತನ್ನ ಇಷ್ಟದ ಬದುಕನ್ನೇ ಬಾಳಿದ ಹುಡುಗಿಯ ಕಥೆ ಅವರಿಗೆ ಹತ್ತಿರವಾಗಿತ್ತು.

19ನೇ ಶತಮಾನದ ಕೊನೆಗೆ ಯಾತ್ರೆ ಮತ್ತೆ ಬಹಿರಂಗವಾಗಿ ನಡೆಯತೊಡಗಿತು. 1890ರ ದಶಕದಲ್ಲಿ ಚಾರ್ಲ್ಸ್ ಬೋಕ್ಲರ್ಕ್ ಎಂಬ ಜೆಸ್ವಿಟ್ ಪಾದ್ರಿ ಮೆರವಣಿಗೆಗಳನ್ನು ಶುರುಮಾಡಿದ. ವಾಸಿಯಾದವರು ಬಿಟ್ಟುಹೋದ ಊರುಗೋಲುಗಳು ಬಾವಿಯ ಗೋಡೆಗೆ ಒರಗಿ ಸಾಲುಗಟ್ಟಿದವು. 1912ರಲ್ಲಿ ಊರೊಳಗೇ ರೈಲು ಬಂತು. 27 ಅಡಿಗೆ ಒಂದಡಿ ಏರುವ ಕಡಿದಾದ ದಾರಿ ಅದು.

ನೀರು ನಿಂತ ದಿನ

1917ರ ಜನವರಿ 5ರಂದು ಬಾವಿ ಬತ್ತಿತು.

ಕಾರಣ ಭೂಮಿಯೊಳಗೆ ಇತ್ತು. ಊರಿನ ಹಿಂದಿನ ಹಾಲ್ಕಿನ್ ಬೆಟ್ಟ ಸುಣ್ಣಕಲ್ಲಿನದು. ಮಳೆನೀರು ಅದರ ಬಿರುಕುಗಳಲ್ಲಿ, ಪೊಳ್ಳುಗಳಲ್ಲಿ ಇಳಿದು ಹೋಲಿವೆಲ್‌ನಲ್ಲಿ ಹೊರಬರುತ್ತಿತ್ತು. ಅದೇ ಬೆಟ್ಟದಲ್ಲಿ ಸೀಸದ ಗಣಿಗಳಿದ್ದವು. ಗಣಿ ಆಳಕ್ಕೆ ಹೋದಂತೆ ನೀರು ತುಂಬುತ್ತದೆ. ಆ ನೀರನ್ನು ಹೊರಹಾಕಲು ಗಣಿ ಕಂಪನಿಯೊಂದು 1897ರಲ್ಲಿ ಡೀ ಅಳಿವೆಯ ದಡದಿಂದ ಮಿಲುರ್ ಸುರಂಗ ಕೊರೆಯಲು ಶುರುಮಾಡಿತ್ತು. ಬಾವಿ ಬತ್ತಬಹುದು ಎಂಬ ಭಯ ಊರವರಿಗೆ ಮೊದಲೇ ಇತ್ತು. ಆ ಜನವರಿಯಲ್ಲಿ ಸುರಂಗ ಬುಗ್ಗೆಯ ಮೂಲವನ್ನೇ ಒಡೆಯಿತು. ನೀರು ಸುರಂಗದ ದಾರಿ ಹಿಡಿದು ಸಮುದ್ರಕ್ಕೆ ಹೋಯಿತು. ಕಣಿವೆಯ ಗಿರಣಿಗಳಿಗೂ ಪೆಟ್ಟುಬಿತ್ತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಾವಿಗೆ ಮತ್ತೆ ನೀರು ಬಂತು. ಆದರೆ ಅದು ಹಳೆಯ ಬುಗ್ಗೆಯದಲ್ಲ. ಹತ್ತಿರದ ಒಂದು ಹಳೆಯ ಗಣಿ ಕಾಲುವೆಯ ನೆಲದಡಿ ನೀರನ್ನು ತಿರುಗಿಸಿ ತಂದದ್ದು. ಹಿಂದಿನ ರಭಸ ಇಲ್ಲ.

ಇಲ್ಲಿ ಪ್ರಶ್ನೆ ಗಟ್ಟಿಯಾಗಿ ಏಳುತ್ತದೆ. ತಲೆ ಬಿದ್ದ ಜಾಗದಲ್ಲಿ ಚಿಮ್ಮಿದ ನೀರು ಎಂಬುದೇ ಆಕೆಯ ಕಥೆಯ ಜೀವ. ಆ ನೀರೇ ಇಲ್ಲ ಎಂದ ಮೇಲೆ? 1540ರಲ್ಲಿ ಮೂಳೆ ಹೋದಾಗ ಶ್ರೂಸ್‌ಬರಿ ಯಾತ್ರೆ ಸತ್ತಿತು. 1917ರಲ್ಲಿ ಮೂಲದ ನೀರು ಹೋದಾಗ ಹೋಲಿವೆಲ್ ಯಾತ್ರೆ ಸಾಯಲಿಲ್ಲ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಉತ್ತರ ಸಿಗುತ್ತದೆ. ಶ್ರೂಸ್‌ಬರಿಯಲ್ಲಿ ಭಕ್ತ ಮಾಡಬೇಕಾದದ್ದು ನೋಡಿ ಕೈಮುಗಿಯುವುದು. ವಸ್ತು ಹೋದರೆ ನೋಡಲು ಏನೂ ಇಲ್ಲ. ಹೋಲಿವೆಲ್‌ನಲ್ಲಿ ಭಕ್ತ ಮೈಯನ್ನೇ ಕೊಡುತ್ತಾನೆ: ಬಟ್ಟೆ ಕಳಚಿ, ಚಳಿಗೆ ನಡುಗುತ್ತಾ, ಮೂರು ಸಲ ಇಳಿದು, ಕಲ್ಲಿನ ಮೇಲೆ ಮಂಡಿಯೂರಿ. ಭಕ್ತಿ ಕೂತಿದ್ದದ್ದು ಆ ಕ್ರಿಯೆಯಲ್ಲಿ, ಆ ಮೆಟ್ಟಿಲುಗಳಲ್ಲಿ, ತನಗಿಂತ ಮುಂಚೆ ಅಲ್ಲಿ ಇಳಿದವರ ಸಾಲಿನಲ್ಲಿ. ಎಲ್ಲಿಂದ ಬಂದ ನೀರಾದರೂ ಆ ಮೆಟ್ಟಿಲ ಕೆಳಗೆ ತುಂಬಿದರೆ ಅದು ವಿನಿಫ್ರೆಡ್ ನೀರೇ.

ಹೀಗೆ ಹೇಳಿದರೆ ಕಥೆಗೂ ಜಾಗಕ್ಕೂ ಬೆಲೆ ಇಲ್ಲ ಎಂದಾಗುವುದಿಲ್ಲ. ಕಥೆ ಇಲ್ಲದಿದ್ದರೆ ಮೂರು ಸಲ ಇಳಿಯುವುದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಜಾಗ ಬದಲಾಗಿದ್ದರೆ ಬೈನೊ ಕಲ್ಲು ಬರೀ ಬಂಡೆ. ಊರಿನ ಹೊಟ್ಟೆಪಾಡೂ ಇದರಲ್ಲಿ ಸೇರಿದೆ. ವಸತಿಗೃಹ ನಡೆಸುತ್ತಿದ್ದವರಿಗೆ ಯಾತ್ರಿಕರು ಬರಲೇಬೇಕಿತ್ತು. ಅವರು ಬಚ್ಚಿಡದಿದ್ದರೆ ಪಾದ್ರಿಗಳು ಉಳಿಯುತ್ತಿರಲಿಲ್ಲ.

ಈಗಲೂ ಜೂನ್ 22ರ ಹತ್ತಿರದ ಭಾನುವಾರ ಮೆರವಣಿಗೆ ನಡೆಯುತ್ತದೆ. ಅದು ತಲೆ ಕಡಿದ ದಿನದ ಹಬ್ಬ. ನವೆಂಬರ್ 3 ಅವಳು ತೀರಿಕೊಂಡ ದಿನ. ಬೇಸಿಂಗ್‌ವರ್ಕ್ ಮಠದ ಹಾಳುಗೋಡೆಗಳಿಂದ ಶುರುವಾಗಿ ಪಶ್ಚಿಮದ ಬಾರ್ಡ್ಸಿ ದ್ವೀಪದ ಕಡೆಗೆ ಹೋಗುವ ಕಾಲ್ನಡಿಗೆ ಯಾತ್ರಾಮಾರ್ಗವೂ ಇದೆ. ಹೊರಟವರು ಈ ಬಾವಿಯನ್ನು ಹಾದು ಹೋಗುತ್ತಾರೆ.

ಕೊನೆಗೆ ಒಂದು ಸಾಕ್ಷ್ಯದ ವಿಚಾರ. ವಿನಿಫ್ರೆಡ್ ಎಂಬವಳು ಇರಲೇ ಇಲ್ಲ, 12ನೇ ಶತಮಾನದ ಸನ್ಯಾಸಿಗಳು ಕಟ್ಟಿದ ಕಥೆ ಎಂದು ಹಲವರು ವಾದಿಸುತ್ತಿದ್ದರು. ಗ್ವಿಥೆರಿನ್‌ನಲ್ಲಿ ಆಕೆಯದೆಂದು ಇಟ್ಟಿದ್ದ, ಮನೆಯ ಆಕಾರದ ಹಳೆಯ ಮರದ ಪೆಟ್ಟಿಗೆಯೊಂದನ್ನು 17ನೇ ಶತಮಾನದ ಕೊನೆಯಲ್ಲಿ ವಿದ್ವಾಂಸ ಎಡ್ವರ್ಡ್ ಲ್ಲುಯಿಡ್ ಚಿತ್ರ ಬರೆಸಿಟ್ಟಿದ್ದ. ಆಮೇಲೆ ಪೆಟ್ಟಿಗೆ ಕಾಣೆಯಾಯಿತು. 1991ರಲ್ಲಿ ಅದರ ಒಂದು ಚೂರು ಸಿಕ್ಕಿತು, ಹೋಲಿವೆಲ್‌ನ ಪಾದ್ರಿಗಳ ಮನೆಯಲ್ಲೇ. ಲ್ಲುಯಿಡ್‌ನ ಚಿತ್ರದ ಜೊತೆ ಹೋಲಿಸಿ ಅದನ್ನು ಗುರುತಿಸಿದರು. ಅದರ ಲೋಹದ ಕುಸುರಿ 8ನೇ ಶತಮಾನದ ಸುಮಾರಿನದು. ತಲೆ ಕಡಿದದ್ದು, ಕೂಡಿದ್ದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಆ ಹೆಸರಿನ ಹೆಂಗಸನ್ನು ಆಕೆ ತೀರಿಕೊಂಡ ನೂರು ವರ್ಷದ ಆಸುಪಾಸಿನಲ್ಲೇ ಜನ ಸಂತಳೆಂದು ನೆನೆಯುತ್ತಿದ್ದರು, ರಾಬರ್ಟ್ ಪ್ರಯರ್ ಪುಸ್ತಕ ಬರೆಯುವ ಹೊತ್ತಿಗೆ ಆ ನೆನಪಿಗೆ ಆಗಲೇ ಸುಮಾರು 400 ವರ್ಷ ವಯಸ್ಸಾಗಿತ್ತು ಎನ್ನಲು ಈ ಚೂರು ಸಾಕು.